ಅದರ ಮನಿಗೆ ಹೋದ ಗಡಿಯಾರ

ನಮ್ಮ ಮನೆಯಲ್ಲಿ ಯಾರಾದರೂ ಏನಾದರೂ ಹೇಳಬೇಕೆಂದರೆ ಮಗ್ಗದ ಎರಡು ಬಡಿತಗಳ ನಡುವಿನ ಸಂದಿಯಲ್ಲಿ ಹೇಳಬೇಕಾಗಿತ್ತು. ಅಪ್ಪ ಲಾಳಿ ಎಳೆದು ಹಲಗೆ ಬಡಿಯುತ್ತಿದ್ದ. ಆ ಸದ್ದು ಇಳಿಯುತ್ತಲೇ ಅವ್ವ ಒಳಗಿನಿಂದ "ಉಪ್ಪು" ಎನ್ನುತ್ತಿದ್ದಳು. ಮತ್ತೊಂದು ಬಡಿತ. ಆಮೇಲೆ "ತೀರೈತಿ" ಎನ್ನುತ್ತಿದ್ದಳು. ಜಗಳವನ್ನೂ ಹಾಗೇ ಆಡುತ್ತಿದ್ದೆವು, ತುಂಡು ತುಂಡಾಗಿ. ನಡುವೆ ಮಗ್ಗ ಬಡಿಯುವುದರಿಂದ ಅರ್ಧ ಸಿಟ್ಟು ಬಾಯಲ್ಲೇ ಆರಿಹೋಗುತ್ತಿತ್ತು. ಈಗಲೂ ನನ್ನ ಮಾತಿನ ರೀತಿ ಅದೇ. ಹೇಳುತ್ತಾ ಹೇಳುತ್ತಾ ತಡೆದು ನಿಲ್ಲುತ್ತೇನೆ. ನನ್ನ ಗಂಡ ಕಾಡಿಸುತ್ತಾನೆ:

"ಮುಂದ ಹೇಳ ಮಾರಾಯ್ತಿ, ಮಗ್ಗ ನಿಂತು ಭಾಳ ವರ್ಷ ಆತು."

ಇಳಕಲ್ಲಿನ ನೇಕಾರರ ಓಣಿಯಲ್ಲಿ ನಮ್ಮದು ಎರಡೇ ಕೋಣೆಯ ಮಣ್ಣಿನ ಮಾಳಿಗೆ ಮನೆ. ಮುಂದಿನ ಕೋಣೆಯೆಲ್ಲ ಮಗ್ಗದ್ದು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಅಪ್ಪ ಕೂರುತ್ತಿದ್ದ. ಚಿಕ್ಕವಳಿದ್ದಾಗ ನನಗೆ ಅಪ್ಪ ಎಂದರೆ ಸೊಂಟದಿಂದ ಮೇಲಿನ ಮನುಷ್ಯ. ಅವನು ಎದ್ದು ನಿಂತರೆ ಯಾರೋ ಬೇರೆಯವರು ಬಂದಂತೆ ಕಾಣುತ್ತಿತ್ತು. ಹಿಂದಿನ ಕೋಣೆಯಲ್ಲಿ ಒಲೆ, ನೀರಿನ ಕೊಡ, ಹಾಸಿಗೆಯ ಸುರುಳಿ, ಅವ್ವ. ಅವಳು ರೊಟ್ಟಿ ಬಡಿಯುವ ಸದ್ದು ಮಗ್ಗದ ಸದ್ದಿಗೆ ಉತ್ತರ ಕೊಟ್ಟಂತೆ ಇರುತ್ತಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಒಂದು ತುಂಡು ಬಿಸಿಲು ಇಳಿದು ಬೆಳಗಿನಿಂದ ಸಂಜೆಯವರೆಗೆ ನೆಲದ ಮೇಲೆ ತೆವಳುತ್ತಿತ್ತು. ಅದು ಕುಣಿಯ ಅಂಚು ಮುಟ್ಟಿದರೆ ಚಹಾ. ಗೋಡೆಯ ಗೂಡಿನ ಕೆಳಗೆ ಬಂದರೆ ರೊಟ್ಟಿ, ಗುರೆಳ್ಳು ಚಟ್ನಿ, ತೆಳ್ಳಗಿನ ಬೇಳೆ. ಅದು ಗೋಡೆ ಹತ್ತಿದರೆ ಅಪ್ಪ ಕುಣಿಯಿಂದ ಮೇಲೇಳುತ್ತಿದ್ದ. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಬೇಕು ಅಂತ ಯಾರಿಗೂ ಅನಿಸಿರಲೂ ಇಲ್ಲ.

ನಾನು ಐದನೆಯ ಇಯತ್ತೆಗೆ ಸಾಲಿ ಬಿಟ್ಟೆ. ಯಾರೂ ಬಿಡಿಸಲಿಲ್ಲ. ನೂಲು ಸುತ್ತಲು ಅವ್ವನ ಜೊತೆ ಇನ್ನೆರಡು ಕೈ ಬೇಕಾಗಿದ್ದವು, ನನ್ನ ಕೈ ಅಲ್ಲೇ ಇದ್ದವು, ಅಷ್ಟೇ. ಆಮೇಲೆ ಕೊಂಡಿ ಹಾಕುವುದನ್ನು ಕಲಿತೆ. ನಮ್ಮ ಕಡೆಯ ಸೀರೆಯ ಒಡಲು ಬೇರೆ ನೂಲು, ಸೆರಗು ಬೇರೆ ನೂಲು. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆ ಮಾಡಿ ಸೇರಿಸಬೇಕು. ಅದೇ ಕೊಂಡಿ. ಒಬ್ಬರೇ ಕೂತರೆ ಬೆನ್ನು ಸೆಟೆಯುತ್ತದೆ, ಎದುರಿಗೆ ಇನ್ನೊಬ್ಬರು ಕೂತರೆ ಹಗುರ. ಅದಕ್ಕೆ ಕಣ್ಣಿಗೆ ಬೆಳಕು ಬೇಕು. ನನ್ನ ತಂಗಿ ರೇಣುಕಾಳ ಪುಸ್ತಕಕ್ಕೂ ಬೆಳಕು ಬೇಕು. ಬೆಳಕಿಂಡಿ ಒಂದೇ. ನಮ್ಮ ಬಾಲ್ಯದ ಜಗಳವೆಲ್ಲ ಆ ಬಿಸಿಲಿನ ತುಂಡಿನ ಮೇಲೆಯೇ ನಡೆಯಿತು.

"ಸರೀ ಆಕಡೆ. ಎಳಿ ಕಾಣವಲ್ದು ನನಗ."

"ನಿನ್ನ ಎಳಿ ಎಲ್ಲೂ ಓಡಿ ಹೋಗೂದಿಲ್ಲಕ್ಕಾ. ನಾಳೆ ನನ್ನ ಪರೀಕ್ಷಾ ಓಡಿ ಹೋಗ್ತತಿ."

"ದೊಡ್ಡ ಡಾಕ್ಟರಿಣಿ ಬಂದಾಳ ನೋಡು, ನೆಲದ ಮ್ಯಾಲ ಬೋರಲ ಬಿದ್ಕೊಂಡು!"

ಡಾಕ್ಟರಿಣಿ ಎಂದು ನಾನು ಅಣಕಿಸುತ್ತಿದ್ದೆ. ಅವಳು ಹನ್ನೆರಡನೆಯ ಇಯತ್ತೆ ಮುಗಿಸಿ ಪ್ರವೇಶ ಪರೀಕ್ಷೆ ಬರೆದು, ಡಾಕ್ಟರ್ ಓದುವ ಸೀಟು ಸಿಕ್ಕಿದೆ ಎಂದು ಸಾಲಿಯ ಸರ್ ಓಡುತ್ತ ಬಂದು ಹೇಳಿದ ದಿನ ಅಪ್ಪ ಮಗ್ಗ ನಿಲ್ಲಿಸಿದ. ಹಗಲು ಹೊತ್ತಿನಲ್ಲಿ ಮಗ್ಗ ನಿಂತದ್ದು ಕೇಳಿ ಯಾರೋ ತೀರಿಕೊಂಡರೆಂದು ಪಕ್ಕದ ಮನೆಯ ಗೌರಕ್ಕ ಸೆರಗು ಸಿಕ್ಕಿಸಿಕೊಳ್ಳುತ್ತ ಬಂದಳು. ಸುದ್ದಿ ತಿಳಿದು ಅವಳೇ ಮನೆಯಿಂದ ಬೆಲ್ಲ ತಂದು ಎಲ್ಲರ ಬಾಯಿಗೆ ಹಾಕಿದಳು. ಆದರೆ ಸೀಟು ಸಿಕ್ಕದ್ದು ಖಾಸಗಿ ಕಾಲೇಜಿನಲ್ಲಿ. ಅಲ್ಲಿನ ಫೀ ಕೇಳಿ ಅಪ್ಪ ಮತ್ತೆ ಕುಣಿಗೆ ಇಳಿದು ಕೂತ. ಬ್ಯಾಂಕಿನಲ್ಲಿ ಒತ್ತೆಗೆ ಏನಿದೆ ಎಂದು ಕೇಳಿದರು. ನಮಗೆ ಇದ್ದ ದೊಡ್ಡ ವಸ್ತು ಮಗ್ಗ. ಅದೂ ನಮ್ಮದಲ್ಲ, ಕೂಲಿಗೆ ನೇಯಿಸುತ್ತಿದ್ದ ಮಾಲೀಕರದು.

ಆಗ ಸರ್ ಒಂದು ದಾರಿ ಹೇಳಿದರು. ಬಾಗಲಕೋಟೆಯಲ್ಲಿ ಒಬ್ಬ ವ್ಯಾಪಾರಿ ಅಜ್ಜ ಇದ್ದರು. ಬಡವರ ಮನೆಯ ಮಕ್ಕಳಿಗೆ ಡಾಕ್ಟರ್ ಸೀಟು ಸಿಕ್ಕರೆ ಪೂರಾ ಓದಿಸುತ್ತಿದ್ದರು. ಹೆಸರು ಹಾಕಿಸಿಕೊಳ್ಳುತ್ತಿರಲಿಲ್ಲ, ಫೋಟೊ ತೆಗೆಸುತ್ತಿರಲಿಲ್ಲ. ಒಂದೇ ಪದ್ಧತಿ: ಮನೆಯನ್ನು ತಾವೇ ಬಂದು ಕಣ್ಣಾರೆ ನೋಡುತ್ತಿದ್ದರು.

"ಇದ್ದ ಮನಿ ಇದ್ದಂಗ ಇರ್ಲಿ," ಸರ್ ಹೋಗುವಾಗ ಹೊಸ್ತಿಲಲ್ಲಿ ನಿಂತು ಅವ್ವನಿಗೂ ನನಗೂ ಹೇಳಿದರು. "ಏನೂ ತಯಾರಿ ಮಾಡಬ್ಯಾಡ್ರಿ."

ಈ ಮಾತನ್ನು ನಾನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಳ್ಳಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ನಮ್ಮ ಓಣಿಯಲ್ಲಿ ಒಂದು ರೂಢಿ ಇತ್ತು. ಯಾರದಾದರೂ ಮನೆಗೆ ಗಂಡಿನ ಕಡೆಯವರು 'ಮನಿ ನೋಡಾಕ' ಬರುತ್ತಾರೆಂದರೆ ಇಡೀ ಓಣಿಯ ಒಳ್ಳೆಯ ಸಾಮಾನು ಆ ಮನೆಗೆ ನಡೆದು ಬರುತ್ತಿತ್ತು. ಒಬ್ಬರ ಖುರ್ಚಿ, ಒಬ್ಬರ ಹಿತ್ತಾಳೆ ಕೊಡ, ಒಬ್ಬರ ಜಮಖಾನೆ. ಕೇಳುವುದೇ ಬೇಕಾಗಿರಲಿಲ್ಲ. ನೋಡುವವರು ಹೋದ ಮೇಲೆ ಎಲ್ಲವೂ ತಂತಮ್ಮ ಮನೆಗೆ ಮರಳುತ್ತಿದ್ದವು. ಅದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ. ನಾಳೆ ಅವರ ಮಗಳಿಗೂ ಅದೇ ನಡೆಯುತ್ತಿತ್ತಲ್ಲ. ಆದರೆ ಆ ವರ್ಷ ಬೇಸಿಗೆಯಲ್ಲಿ ಗುಡೂರಿನಿಂದ ನನ್ನನ್ನು ನೋಡಲು ಬಂದವರು ಹೇಳದೆ ಕೇಳದೆ ಬಂದುಬಿಟ್ಟಿದ್ದರು. ಏನೂ ತರಿಸಲು ಆಗಲಿಲ್ಲ. ಹುಡುಗನ ತಾಯಿ ನನಗಿಂತ ಹೆಚ್ಚು ಹೊತ್ತು ನಮ್ಮ ಗೋಡೆ ನೋಡಿದಳು. ಹೊರಗೆ ಹೋಗಿ ಚಪ್ಪಲಿ ಮೆಟ್ಟುವಾಗ ಅವಳು ಅಂದದ್ದು ನನಗೆ ಕೇಳಿಸಿತು:

"ಕಣ್ಣಿಗೆ ಹತ್ತೂದು ಒಂದೂ ಇಲ್ಲ ಮನಿಯಾಗ."

ಆ ಮಾತು ನನ್ನ ಬಗ್ಗೆ ಹೇಳಿದ್ದೋ ಮನೆಯ ಬಗ್ಗೆ ಹೇಳಿದ್ದೋ ಎಂದು ನಾನು ಎಷ್ಟೋ ದಿನ ನೂಲು ಸುತ್ತುತ್ತ ಯೋಚಿಸಿದ್ದೇನೆ.

ಬಾಗಲಕೋಟೆಯ ಅಜ್ಜ ಬರುವ ದಿನ ಅಪ್ಪನೂ ರೇಣುಕಾಳೂ ಆದಾಯದ ಸರ್ಟಿಫಿಕೇಟಿಗಾಗಿ ಹುನಗುಂದಕ್ಕೆ ಹೋಗಿದ್ದರು. ನಾವು ಬಡವರೆಂದು ಬರೆಸಿಕೊಂಡು ಬರಲು ಅವರು ಅಲ್ಲಿ ಸಾಲಿನಲ್ಲಿ ನಿಂತಿದ್ದರು, ಇಲ್ಲಿ ನಾನು ಗೌರಕ್ಕನ ಮನೆಯ ಬಾಗಿಲಲ್ಲಿ ನಿಂತಿದ್ದೆ. ಖುರ್ಚಿ ತಂದೆ. ಹಿತ್ತಾಳೆಯ ಕೊಡ, ತಂಬಿಗೆ, ಲೋಟ ತಂದೆ. ಲೋಟದ ಮೇಲೆ ಗೌರಕ್ಕನ ಗಂಡನ ಹೆಸರು ಕೊರೆದಿತ್ತು, ಅದನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಅವಳ ಟ್ರಂಕಿನ ಸೀರೆಗಳನ್ನು ಗೂಡಿನಲ್ಲಿ ಮಡಿಕೆ ಕಾಣುವಂತೆ ಜೋಡಿಸಿದೆ. ಕೊನೆಗೆ ಅವಳ ಗೋಡೆ ಗಡಿಯಾರ ತಂದು ಗೂಡಿನ ಮೇಲಿನ ಮೊಳೆಗೆ ತೂಗುಹಾಕಿದೆ. ಅವ್ವ ಒಳಗಿನ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಬ್ಯಾಡ ಬಿಡ ಈರವ್ವ. ಸರ ಹೇಳಿ ಹೋಗ್ಯಾರಲ್ಲ."

"ಸರಗೇನ ಗೊತ್ತವಾ? ನಮ್ಮನ್ನ ನೋಡಿ ಮೂಗು ಮುರಕೊಂಡು ಹೋದ್ರ ಅವರು ಬಂದು ಸೇರಿಸ್ತಾರೇನ ಮೂಗು?"

ಅವ್ವ ನಕ್ಕಳು. ನಕ್ಕಿದ್ದರಿಂದ ಸೋತಳು. ಹೊರಗಿನ ಗಂಡಸರ ಮುಂದೆ ಬರುವ ರೂಢಿ ಅವಳಿಗಿರಲಿಲ್ಲ, ಒಳಗೇ ಉಳಿದಳು.

ಅಜ್ಜ ಬಂದರು. ಬಿಳಿ ಧೋತರ, ಕೋಲು, ಹಣೆಗೆ ವಿಭೂತಿಯ ಸಣ್ಣ ಗೆರೆ. ಖುರ್ಚಿಯ ಮೇಲೆ ಕೂತು ಸುತ್ತ ನೋಡಿದರು. ಯಾವ ಅವಸರವೂ ಇಲ್ಲ. ನಾನು ಲೋಟದಲ್ಲಿ ನೀರು ಕೊಟ್ಟೆ.

"ಈ ಮಗ್ಗ ನಿಮ್ದಾ ತಂಗಿ?"

"ನಮ್ದ ರೀ."

"ಆ ಸೀರಿ?"

"ಅವೂ ನಮ್ದ ರೀ."

"ಸಾಮಾನೆಲ್ಲಾ?"

"ನಮ್ದ ರೀ."

ಆಗ ಅವರು ತಲೆಯಾಡಿಸಿ, ನಿಜವಾಗಿ ಸಂತೋಷಪಟ್ಟು ಹೇಳಿದರು:

"ಛಲೋ ಅದೀರಿ. ದೇವರು ಹಿಂಗ ಇಟ್ಟಿರ್ಲಿ."

ಆ ಮಾತಿಗೆ ನಾನು ಹಿಗ್ಗಿದೆ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಗುಡೂರಿನವಳು ಕಸಿದುಕೊಂಡು ಹೋದದ್ದನ್ನು ಬಾಗಲಕೋಟೆಯವರು ಮರಳಿ ಕೊಟ್ಟಂತೆ ಅನಿಸಿತು. ಸಂಜೆ ಸಾಮಾನೆಲ್ಲ ಗೌರಕ್ಕನ ಮನೆಗೆ ಹೊತ್ತು ಹಾಕುವಾಗಲೂ ನನ್ನ ಹೆಜ್ಜೆ ಹಗುರವಾಗಿತ್ತು. ಅಪ್ಪನಿಗೆ, ರೇಣುಕಾಳಿಗೆ "ಬಂದಿದ್ರು, ನೋಡಿ ಹೋದ್ರು, ಭಾಳ ಖುಷಿ ಆದ್ರು" ಎಂದು ಹೇಳಿದೆ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ.

ವಾರದೊಳಗೆ ಸರ್ ಬಂದರು. ಸಹಾಯ ಬೇರೆ ಮನೆಗೆ ಹೋಗಿತ್ತು. ನಮಗಿಂತ ಹೆಚ್ಚಿನ ಅಗತ್ಯ ಇದ್ದವರಿಗೆ ಕೊಟ್ಟಿದ್ದಾರಂತೆ ಎಂದಷ್ಟೇ ಅವರು ಹೇಳಿದರು. ಅವರಿಗೂ ಅಷ್ಟೇ ಗೊತ್ತಿತ್ತು. ಫೀ ಕಟ್ಟುವ ದಿನ ದಾಟಿತು, ಸೀಟು ಹೋಯಿತು. ರೇಣುಕಾ ಅಳಲಿಲ್ಲ. ಪುಸ್ತಕಗಳನ್ನು ಒರೆಸಿ ಗೂಡಿನಲ್ಲಿಟ್ಟು, ಇನ್ನೊಂದು ಸಲ ಪರೀಕ್ಷೆ ಬರೆಯುತ್ತೇನೆ, ಸರಕಾರಿ ಕಾಲೇಜಿನ ಸೀಟೇ ಹಿಡಿಯುತ್ತೇನೆ, ಅಲ್ಲಿಯವರೆಗೆ ಕೊಂಡಿ ಹಾಕುತ್ತೇನೆ ಎಂದು ನನ್ನ ಎದುರಿಗೆ ಬಂದು ಕೂತಳು. ಒಳಗೆ ಅವ್ವನ ರೊಟ್ಟಿಯ ಸದ್ದು ನಿಂತಿತು. ಅವಳು ನನ್ನ ಕಡೆ ನೋಡಿದಳು. ಗಡಿಯಾರದ ಮಾತನ್ನು ಸಾಯುವವರೆಗೂ ಎತ್ತಲಿಲ್ಲ.

ಹೀಗೆ ಸುರುವಾದ ಆ ಒಂದು ವರ್ಷ ನನ್ನ ಬದುಕಿನ ಸುಖದ ವರ್ಷ. ಬೇರೆ ಯಾವ ರೀತಿ ಹೇಳಿದರೂ ಅದು ನಿಜವಾಗುವುದಿಲ್ಲ. ಅದುವರೆಗೆ ನಾನು ನೂಲಿನ ಕಡೆಯವಳು, ಅವಳು ಪುಸ್ತಕದ ಕಡೆಯವಳು. ಆ ವರ್ಷ ಬಿಸಿಲಿನ ತುಂಡನ್ನು ಇಬ್ಬರೂ ಹಂಚಿಕೊಂಡೆವು. ಅವಳ ಮಂಡಿಯ ಮೇಲೆ ಪುಸ್ತಕ, ಬೆರಳಲ್ಲಿ ಎಳೆ. ಓದಿದ್ದನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ನಾನು ಮರುದಿನ ಕೇಳುತ್ತಿದ್ದೆ. ರಕ್ತ ಹೇಗೆ ಹೋಗುತ್ತದೆ, ಹೇಗೆ ಬರುತ್ತದೆ, ಕಣ್ಣಿನ ಒಳಗೆ ಚಿತ್ರ ಹೇಗೆ ತಲೆಕೆಳಗಾಗಿ ಬೀಳುತ್ತದೆ, ಎಲ್ಲ ನನಗೂ ಬರತೊಡಗಿತು. ಒಂದು ದಿನ ಹೇಳಿದಳು:

"ಹೃದಯಕ್ಕ ನಾಕು ಖೋಲಿ ಇರ್ತಾವಕ್ಕಾ."

"ನಮ್ಮ ಮನಿಗಿಂತ ಎರಡು ಹೆಚ್ಚ ಆದ್ವಲ್ಲ. ಬಾಡಿಗಿ ಎಷ್ಟಂತ?"

ಅಪ್ಪ ಕುಣಿಯಲ್ಲಿ ಕೂತಲ್ಲೇ ಹಲಗೆ ಬಿಟ್ಟು ನಕ್ಕ. ಅಪ್ಪ ನಗುವುದನ್ನು ನಾವು ಹೆಚ್ಚು ನೋಡಿರಲಿಲ್ಲ. ಆಮೇಲೆ ಅದೇ ನಮ್ಮ ಆಟವಾಯಿತು. ಅವಳು ಬೇಸತ್ತು ಪುಸ್ತಕ ಮುಚ್ಚಿದರೆ ನಾನು "ಬಾಡಿಗಿ ಕಟ್ಟೀಯೇನ?" ಎನ್ನುತ್ತಿದ್ದೆ, ಅವಳು ಮತ್ತೆ ತೆರೆಯುತ್ತಿದ್ದಳು. ಸಂಜೆ ಮಾಳಿಗೆ ಹತ್ತಿ ಒಂದೇ ಪರಾತದಲ್ಲಿ ಮಂಡಕ್ಕಿ ಸೂಸಲಾ ತಿನ್ನುತ್ತಿದ್ದೆವು. ಶೇಂಗಾ ನನ್ನ ಕಡೆ ಸರಿಸುತ್ತಿದ್ದಳು, ಮೆಣಸಿನಕಾಯಿಯನ್ನು ನಾನು ಅವಳ ಕಡೆ. ಸೀಟು ಸಿಕ್ಕಿದ್ದರೆ ಇವಳು ಈ ಹೊತ್ತಿಗೆ ಇಲ್ಲಿ ಇರುತ್ತಿರಲಿಲ್ಲ ಎಂದು ಒಮ್ಮೊಮ್ಮೆ ಮನಸ್ಸಿಗೆ ಬರುತ್ತಿತ್ತು. ಬಂದು, ಹೋಗದೆ ನಿಲ್ಲುತ್ತಿತ್ತು. ಗಡಿಯಾರ ತೂಗುಹಾಕಿದ ದಿನ ನನ್ನೊಳಗೆ ಇದ್ದದ್ದು ಬರೀ ಮಾನದ ಚಿಂತೆಯೋ, ಅಥವಾ ಇದೂ ಇತ್ತೋ? ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಅವ್ವನ ಹರಕೆಗೆಂದು ಒಂದು ಶುಕ್ರವಾರ ಬದಾಮಿಯ ಬಸ್ಸು ಹಿಡಿದು ಬನಶಂಕರಿಗೆ ಹೋದೆವು. ಅವ್ವ ಗುಡಿಯೊಳಗೆ ಇದ್ದಳು. ನಾವಿಬ್ಬರೂ ಹೊಂಡದ ಮೆಟ್ಟಿಲ ಮೇಲೆ ಕೂತು, ಬುಟ್ಟಿ ಹೊತ್ತು ಬರುವ ಹೆಂಗಸರಿಂದ ರೊಟ್ಟಿ, ಕೆಂಪು ಚಟ್ನಿ, ಮೊಸರು ಕೊಂಡು ಉಣ್ಣುತ್ತಿದ್ದೆವು. ಇದ್ದಕ್ಕಿದ್ದಂತೆ ರೇಣುಕಾ ಕೇಳಿದಳು:

"ಅಕ್ಕಾ, ಆ ಅಜ್ಜಾರ ನಮ್ಮನ್ನ ಯಾಕ ಬಿಟ್ರು? ನನ್ನ ಮಾರ್ಕ್ಸ ಕಡಿಮಿ ಅನಿಸ್ತೇನ ಅವರಿಗೆ? ನಾ ಏನ ಕಡಿಮಿ ಮಾಡಿದ್ದೆ?"

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರಲಿಲ್ಲ. ಮಗ್ಗ ಇರಲಿಲ್ಲ, ಸದ್ದು ಇರಲಿಲ್ಲ, ಹೊಂಡದ ನೀರು ಸುಮ್ಮನಿತ್ತು. ನಾನು ಅವಳ ರೊಟ್ಟಿಯ ಮೇಲೆ ಇನ್ನಷ್ಟು ಮೊಸರು ಹಾಕಿದೆ.

"ಉಣ್ಣ. ಎಷ್ಟ ಬಡಕ ಆಗೀದಿ ನೋಡು."

ಅವಳು ತನ್ನನ್ನೇ ದೂರಿಕೊಂಡು ಓದಿದಳು. ಅಕ್ಷರದ ಮೇಲೆ ಸಿಟ್ಟು ಇದ್ದವರಂತೆ ಓದಿದಳು. ಕಣ್ಣ ಕೆಳಗೆ ಕಪ್ಪಾಯಿತು. ಪರೀಕ್ಷೆ ಮತ್ತೆ ಬರೆದು, ಅಂದುಕೊಂಡಂತೆ ಸರಕಾರಿ ಸೀಟನ್ನೇ ಹಿಡಿದಳು. ಅಲ್ಲಿ ಫೀ ಕಡಿಮೆ. ಆದರೂ ದೂರದ ಊರು, ಹಾಸ್ಟೆಲ್ಲು, ದಪ್ಪ ದಪ್ಪ ಪುಸ್ತಕ. ಸರ್ ಈ ಸಲ ನಮಗೆ ಹೇಳದೆಯೇ ಬಾಗಲಕೋಟೆಗೆ ಹೋಗಿ ಕೇಳಿಕೊಂಡಿದ್ದರು. ಅಜ್ಜರೂ ಹೇಳದೆಯೇ ಬಂದರು. ಬಿಸಿಲು ಗೂಡಿನ ಕೆಳಗೆ ಬಂದಿತ್ತು. ನಾವಿಬ್ಬರೂ ಎಳೆಗಳ ನಡುವೆ ಕೂತಿದ್ದೆವು, ಬದಿಯಲ್ಲಿ ರೊಟ್ಟಿ ಚಟ್ನಿಯ ತಾಟು. ಏಳಲು ಹೋದರೆ ಎಳೆ ಹರಿಯುತ್ತದೆ ಎಂದು ಅವರೇ ಕೈ ಮಾಡಿ ಕೂರಿಸಿದರು. ಖುರ್ಚಿ ಇರಲಿಲ್ಲ. ಕೋಲು ಊರಿ ಕುಣಿಯ ಅಂಚಿನಲ್ಲಿ, ಅಪ್ಪನ ಪಕ್ಕ ನೆಲದ ಮೇಲೆ ಕೂತರು. ಗೂಡು ನೋಡಿದರು. ಬರೀ ಮೊಳೆ ನೋಡಿದರು. ಆಮೇಲೆ ನನ್ನನ್ನು.

"ಗಡಿಯಾರ ಎಲ್ಲಿ ಹೋತ ತಂಗಿ?"

ಕೈಯಲ್ಲಿದ್ದ ಎಳೆಗೆ ಕುಣಿಕೆ ಹಾಕುತ್ತ ಹೇಳಿದೆ:

"ಅದರ ಮನಿಗೆ ಹೋತ್ರಿ."

ಅವರು ಕೆಮ್ಮು ಬರುವಷ್ಟು ನಕ್ಕರು. ಬೇರೆ ಏನೂ ಕೇಳಲಿಲ್ಲ. ಅಪ್ಪನ ಭುಜ ಮುಟ್ಟಿ, ಓದು ಮುಗಿಯುವವರೆಗೆ ಎಲ್ಲವೂ ತಮ್ಮದು ಎಂದರು. ಫೀ, ಊಟ, ಪುಸ್ತಕ, ಬಿಳಿ ಕೋಟು, ಹಬ್ಬಕ್ಕೆ ಊರಿಗೆ ಬಂದು ಹೋಗುವ ಬಸ್ಸಿನ ಖರ್ಚು ಕೂಡ. ರೇಣುಕಾ ಕಾಲಿಗೆ ಬೀಳಲು ಹೋದಾಗ ಎಳೆಯಲ್ಲಿ ಸಿಕ್ಕಿಕೊಂಡಳು. ಅವರು ಅವಳಿಗೆ ಹೇಳಿದ್ದು ಒಂದೇ:

"ಡಾಕ್ಟರ ಆದ ಮ್ಯಾಲ ನೀನೂ ಒಬ್ಬರ ಮನಿ ನೋಡಾಕ ಹೋಗ್ಬೇಕು. ಅಷ್ಟ ಬಡ್ಡಿ."

ಅವರು ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಯಾವ ಗಡಿಯಾರಕ್ಕಾ?"

"ಯಾವ ಮನಿ ನೆನಪಾಗಿತ್ತೋ ಏನೋ. ವಯಸ್ಸಾಗೇತಿ ಅವರಿಗೆ, ಅದಕ್ಕ ನಾನೂ ಏನರ ಅಂದೆ."

ಮೊದಲನೆಯದು ಮೂರ್ಖತನವೆಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಇದಕ್ಕೆ ಆ ಹೆಸರೂ ಸಲ್ಲದು. ನಮಗೆ ಅಷ್ಟು ಕೊಟ್ಟವರನ್ನು ಅರುಳು ಮರುಳು ಎಂದುಬಿಟ್ಟೆ.

ಅವಳು ಹೋದಳು. ಕೊಂಡಿಗೆ ಎದುರಿನ ಜಾಗ ಖಾಲಿಯಾಯಿತು. ಬಿಸಿಲಿನ ತುಂಡು ಪೂರಾ ನನ್ನದಾಯಿತು. ಅದಕ್ಕಾಗಿ ಎಷ್ಟು ಜಗಳವಾಡಿದ್ದೆ! ಹಬ್ಬಕ್ಕೆ ಬರುತ್ತಿದ್ದಳು, ಆದರೆ ಬಂದವಳು ಅತಿಥಿ. ಅವಳ ಮಾತಿನಲ್ಲಿ ತಡೆ ಹೋಗಿತ್ತು, ನೀರು ಸುರಿದಂತೆ ಒಂದೇ ಸಮ ಮಾತಾಡುತ್ತಿದ್ದಳು. ಕೆಲವು ವರ್ಷದಲ್ಲಿ ಅಪ್ಪ ಹೋದ, ಆಮೇಲೆ ಅವ್ವ. ಮಾಲೀಕರು ಮಗ್ಗ ಬಿಚ್ಚಿಸಿಕೊಂಡು ಹೋದರು. ಕಲ್ಲಿನ ಫ್ಯಾಕ್ಟರಿಯಲ್ಲಿ ದುಡಿಯುವ ನನ್ನ ಗಂಡ ಕುಣಿಗೆ ಮಣ್ಣು ತುಂಬಿ ಮೇಲೆ ಕೆಂಪು ಕಲ್ಲು ಹಾಸಿದ. ಆ ಮನೆಯಲ್ಲೇ ಇದ್ದೇನೆ. ಕತ್ತಲಲ್ಲೂ ಬೆಳಕಲ್ಲೂ ಆ ಜಾಗದ ಮೇಲೆ ಕಾಲಿಡದೆ ಸುತ್ತಿ ಹೋಗುತ್ತೇನೆ.

ರೇಣುಕಾ ಈಗ ಬಾಗಲಕೋಟೆಯಲ್ಲಿ ಡಾಕ್ಟರು. ಅಜ್ಜರು ತೀರಿಕೊಂಡ ಮೇಲೆ ಅವರ ಮಕ್ಕಳು ಆ ಕೆಲಸ ನಡೆಸಿದ್ದಾರೆ. ಮನೆ ನೋಡಲು ಇವಳು ಹೋಗುತ್ತಾಳೆ. ಹೋದ ವರ್ಷ ಮರೋಳದಲ್ಲಿ ಒಂದು ಹುಡುಗಿಯ ಮನೆ ನೋಡಬೇಕೆಂದು ಹೊರಟವಳು ನಮ್ಮ ಬಾಗಿಲಿಗೆ ಕಾರು ನಿಲ್ಲಿಸಿ ನನ್ನನ್ನೂ ಕರೆದಳು. ಆ ಮನೆಯಲ್ಲಿ ಹೊಸ ಚಾಪೆ. ಮೂಲೆಯಲ್ಲಿ ಬೆಲೆ ಚೀಟಿ ಕೀಳದ ಮಿಕ್ಸರು. ಫಳಫಳ ಹೊಳೆಯುವ ಸ್ಟೀಲಿನ ಲೋಟದಲ್ಲಿ ನೀರು ತಂದ ಹುಡುಗಿಯ ಅಂಗಿಯ ತೋಳು ಮಾತ್ರ ಹೊಲಿಗೆ ಬಿಟ್ಟಿತ್ತು. ಲೋಟವನ್ನು ಅವಳು ಹಿಡಿದ ರೀತಿ ನೋಡಿದೆ. ಹೆಸರು ಕೊರೆದ ಕಡೆ ಅಂಗೈ ಮುಚ್ಚಿತ್ತು.

"ಎಲ್ಲಾ ನಿಮ್ಮವಾ?" ರೇಣುಕಾ ಕೇಳಿದಳು.

"ನಮ್ವ ರೀ."

ನಾನು ಎದ್ದೆ. ಕೈ ತೊಳೆಯಬೇಕು ಎಂದು ನೆವ ಹೇಳಿ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋದೆ.

"ಯವ್ವಾ, ಯಾರ ಯಾರ ಮನಿವು ಇವೆಲ್ಲಾ, ಅವರಿಗೆ ಕೊಟ್ಟ ಬಾ. ನಾವು ಇನ್ನೊಮ್ಮಿ ಬರ್ತೇವಿ. ಅವತ್ತ ಮನಿ ಹೆಂಗೈತಿ ಹಂಗ ಇರ್ಲಿ. ನಾನೂ ಹಿಂಗ ಮಾಡಿದ್ದೆ. ಒಂದು ಗಡಿಯಾರ ತಂದಿದ್ದೆ. ನನ್ನ ತಂಗೀದು ಒಂದು ವರ್ಷ ಹೋತ."

ಮರೋಳದ ಆ ಮನೆಯಲ್ಲಿ ಮಗ್ಗ ಇರಲಿಲ್ಲ. ಹೊರಗಿನ ಕೋಣೆಗೆ ಎಲ್ಲವೂ ಕೇಳಿಸಿತ್ತು.

ಮರಳಿ ಬರುವಾಗ ರೇಣುಕಾ ಕಾರು ನಡೆಸುತ್ತಿದ್ದಳು. ಹೊಲಗಳಲ್ಲಿ ತೊಗರಿ ಹೂ ಬಿಟ್ಟಿತ್ತು. ರಸ್ತೆ ನೋಡುತ್ತಲೇ ಹೇಳಿದಳು:

"ಅವತ್ತ ಬನಶಂಕರಿಯೊಳಗ ಹೇಳಿದ್ರ ಬೈತಿದ್ದೆ. ಬೈದು ಮರೀತಿದ್ದೆ. ಇಷ್ಟ ವರ್ಷ ನಾ ದಡ್ಡಿ ಇದ್ದೆ ಅಂತ ತಿಳ್ಕೊಂಡೀನಿ ಅಕ್ಕಾ."

ಆ ವರ್ಷ ನನಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಆಗಲೂ ಹೇಳಲಿಲ್ಲ. ಹೇಳಿದರೆ ಕದ್ದವಳು ಕದ್ದದ್ದರ ರುಚಿ ಹೇಳಿದಂತೆ ಆಗುತ್ತಿತ್ತು. ಓಣಿಯ ಬಾಯಿಗೆ ನನ್ನನ್ನು ಇಳಿಸಿದಳು. ಯಾವಾಗಲೂ ಇಳಿದು ಒಂದು ರೊಟ್ಟಿ ತಿಂದು ಹೋಗುವವಳು ಅಂದು ಇಳಿಯಲಿಲ್ಲ.

ಬಹಳ ದಿನ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಒಂದು ಮಧ್ಯಾಹ್ನ, ಬಿಸಿಲಿನ ತುಂಡು ಕೆಂಪು ಕಲ್ಲಿನ ಮೇಲೆ ಬಂದಿದ್ದಾಗ ಅವಳೇ ಮಾಡಿದಳು.

"ಮರೋಳಕ್ಕ ಮತ್ತ ಹೋಗಿದ್ದೆ ಅಕ್ಕಾ. ಆ ಹುಡುಗಿ ಮನಿಗೆ."

"ಹೆಂಗೈತಿ ಮನಿ?"

ಅವಳು ತಡೆದಳು. ಚಿಕ್ಕವಳಿದ್ದಾಗ ತಡೆಯುತ್ತಿದ್ದಂತೆ, ಒಂದು ಬಡಿತ ಮುಗಿಯುವಷ್ಟು.

"ಖಾಲಿ ಐತಿ," ಅಂದಳು. "ಭಾಳ ಛಲೋ ಐತಿ."